ಭಾವಮೈದನ ಚಕ್ರ, ನನ್ನ ಅಂಗಿ

ನಮ್ಮ ಕಾಲು ನಮ್ಮ ಮಾತು ಕೇಳುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ನಾನಂತೂ ಅತ್ತಿಗುಂಡಿ ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಗುಡ್ಡದ ದಾರಿಯನ್ನು ಕಣ್ಣು ಮುಚ್ಚಿಕೊಂಡೇ ನಡೆಯಬಲ್ಲೆನೆಂದು ಕಂಡವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚುವ ಕೆಲಸವನ್ನು ಮಂಜೇ ವಹಿಸಿಕೊಂಡ ದಿನ ನನ್ನ ಜಂಬ ಇಳಿಯಿತು.

ಎರಡನೇ ಮಹಾಯುದ್ಧ ಮುಗಿದ ವರ್ಷ, ವಿಮಾನ ರಿಪೇರಿಯ ಕೆಲಸದಲ್ಲಿದ್ದ ನನ್ನ ಭಾವಮೈದ ಶೀನ ರಜೆಗೆ ಬಂದಿದ್ದ. ಗುಜರಿಗೆ ಹೋದ ವಿಮಾನದಿಂದ ಬಿಚ್ಚಿದ, ಒಂದರೊಳಗೊಂದು ತಿರುಗುವ ಬಳೆಗಳ ನಡುವೆ ಕೂತ, ಹಿಡಿಯಿರುವ ಒಂದು ಹಿತ್ತಾಳೆ ಚಕ್ರ ಅವನ ಚೀಲದಲ್ಲಿತ್ತು. ದಾರ ಸುತ್ತಿ ಎಳೆದರೆ ಗುಂಯ್ ಎಂದು ತಿರುಗುತ್ತಿತ್ತು. ಆಮೇಲೆ ಹಿಡಿಯನ್ನು ಯಾವ ಕಡೆ ಹೊರಳಿಸಿದರೂ ಅದರ ಮುಖ ಮೊದಲಿದ್ದ ದಿಕ್ಕನ್ನು ಬಿಡುತ್ತಿರಲಿಲ್ಲ. “ಮೋಡದೊಳಗೆ ಪೈಲಟ್ಟಿಗೆ ನೆಟ್ಟಗೆ ಹೋಗ್ತಿದೀನಿ ಅನ್ಸುತ್ತೆ ಭಾವ, ವಿಮಾನ ಸುತ್ತಾ ಕೆಳಗಿಳೀತಿರುತ್ತೆ. ಮೈ ವಾಲಿದ್ದನ್ನ ತಿಳಿಸೋ ಕಿವಿಯೊಳಗಿನ ನೀರು ಸುಳ್ಳು ಹೇಳುತ್ತೆ, ಇದು ಹೇಳಲ್ಲ,” ಎಂದ. ನನ್ನ ಕಿವಿಯ ಮೇಲೆ ಅವನ ಅಕ್ಕನಿಗೂ ಹಳೆಯ ಗುಮಾನಿಯಿದೆ.

ಮರುದಿನ ಬೆಳಿಗ್ಗೆ ಇಬ್ಬರೂ ಮೇಲಿನ ತೋಟ ನೋಡಿ ಬರುವಾಗ ಬೋಳುಗುಡ್ಡದ ಮೇಲೆ ಮಂಜು ಕವಿಯಿತು. ಮನೆ ಕಡೆಯ ಸಿಲ್ವರ್ ಮರ ಕಾಣೆಯಾಗುವ ಮುಂಚೆ ಶೀನ ಚಕ್ರವನ್ನು ಅದರತ್ತ ಮುಖ ಮಾಡಿಸಿ, ದಾರ ಎಳೆದು ನನ್ನ ಕೈಗಿತ್ತ. ಎಡಕ್ಕೆ ಪ್ರಪಾತ. ಒಂದು ಹಕ್ಕಿಯ ಸದ್ದೂ ಇಲ್ಲ. ನಾನು ನೆಟ್ಟಗೇ ನಡೆಯುತ್ತಿದ್ದೆ. ಆದರೆ ಅಂಗೈಯಲ್ಲಿ ಚಕ್ರ ಮೆಲ್ಲಗೆ, ಯಾರೋ ಕರೆದಂತೆ, ಬಲಕ್ಕೆ ಮುಖ ಹೊರಳಿಸಿತು. ನಾನು ನಿಂತು ಕೂಗಿಕೊಂಡೆ.

“ಶೀನಾ, ದಾರಿ ತಪ್ಪಿಸೋ ಬಳ್ಳಿ ದಾಟಿದೀವಿ ಮಾರಾಯ!”

ನಮ್ಮಲ್ಲಿ ಆ ಬಳ್ಳಿ ದಾಟಿದವನು ಸುತ್ತಿದಲ್ಲೇ ಸುತ್ತುತ್ತಾನೆ. ಅಂಗಿ ಬಿಚ್ಚಿ, ಒಳಮೈ ಹೊರಗೆ ಮಾಡಿ ತೊಟ್ಟರೆ ಮಾತ್ರ ಬಿಡುಗಡೆ. ಚಕ್ರವನ್ನು ಅವನಿಗೆ ಕೊಟ್ಟು, ಚಳಿಯಲ್ಲಿ ನಡುಗುತ್ತ ಅಂಗಿ ತಿರುವಿ ಹಾಕಿಕೊಂಡು ಧೈರ್ಯವಾಗಿ ಕಾಲು ಮುಂದಿಟ್ಟೆ.

“ನಿಲ್ಲಿ ಭಾವ! ಚಕ್ರ ದಿಕ್ಕು ಬದಲಿಸಿಲ್ಲ. ಬದಲಿಸಿರೋದು ನೀವು!”

ಕಾಲಿಗೆ ತಗುಲಿದ ಕಲ್ಲೊಂದು ಉರುಳಿತು. ಬಿದ್ದ ಸದ್ದಿಗಾಗಿ ಕಾದೆವು. ಬರಲೇ ಇಲ್ಲ. ಇನ್ನು ಬರುವುದಿಲ್ಲ ಅನ್ನುವಾಗ ಬಹಳ ಕೆಳಗಿನಿಂದ ಟಕ್ ಎಂದಿತು. ನನ್ನ ಕಾಲುಗಳು ಆಗಲೂ ಮನೆ ನೆಟ್ಟಗೆ ಎದುರಿಗೇ ಇದೆ ಎನ್ನುತ್ತಿದ್ದವು. ಪ್ರಪಾತಕ್ಕಿಂತ ಆ ಕಾಲುಗಳಿಗೇ ನಾನು ಹೆಚ್ಚು ಹೆದರಿದೆ. ಶೀನನ ತೋಳು ಹಿಡಿದು, ಮೈಯೆಲ್ಲ ಬೇಡ ಬೇಡವೆಂದರೂ ಚಕ್ರ ತೋರಿದತ್ತ ನಡೆದೆ. ಸಿಲ್ವರ್ ಮರ ಎದುರಿಗೇ ಸಿಕ್ಕಿತು.

ಮನೆಯಲ್ಲಿ ಹೆಂಡತಿ ನನ್ನ ಅಂಗಿ ನೋಡಿ, “ಸದ್ಯ, ತಿರುವಿ ಹಾಕ್ಕೊಂಡ್ರಲ್ಲ, ಅದ್ಕೇ ಬದುಕಿ ಬಂದ್ರಿ,” ಎಂದಳು. ಶೀನ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ರಜೆ ಮುಗಿಸಿ ಹೊರಡುವಾಗ ಅವನು ಚಕ್ರವನ್ನು ನನಗೇ ಬಿಟ್ಟುಹೋದ. ಮಂಜಿನ ದಿನ ಅದಿಲ್ಲದೆ ನಾನು ಹೊಸಿಲು ದಾಟುವುದಿಲ್ಲ. ಅಂಗಿಯನ್ನು ಮಾತ್ರ ಮನೆಯಲ್ಲೇ ತಿರುವಿ ಹಾಕಿಕೊಂಡು ಹೊರಡುತ್ತೇನೆ.