ಬಾಣ ತಿರುಗಿಸಿದ ವಾಮನಮೂರ್ತಿಗಳು

"ಕಮಲೂ, ಪುಸ್ತಕದ ಸುಳ್ಳು ಇವತ್ತಿಗೆ ಮುಗೀತು!" ಎನ್ನುತ್ತ ವಾಮನಮೂರ್ತಿಗಳು ಪ್ರೆಶರ್ ಕುಕ್ಕರಿನಷ್ಟಿದ್ದ ಯಂತ್ರವನ್ನು ಊಟದ ಮೇಜಿನ ಮೇಲೆ ಕುಕ್ಕಿದರು. ತಿಪಟೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಕರೆಂಟು ಪ್ಲಸ್ಸಿನಿಂದ ಮೈನಸ್ಸಿಗೆ ಹರಿಯುತ್ತದೆಂದು ಬೋರ್ಡಿನ ಮೇಲೆ ಬಾಣ ಬರೆದು ಬರೆದು ಅವರಿಗೆ ರೋಸಿಹೋಗಿತ್ತು. ಎಲೆಕ್ಟ್ರಾನುಗಳು ಓಡುವುದು ಮೈನಸ್ಸಿನಿಂದ ಪ್ಲಸ್ಸಿಗೆ!

"ಎಲೆಕ್ಟ್ರಾನ್ ಗೊತ್ತಾಗೋಕ್ಕೆ ಮುಂಚೆ ಯಾರೋ ಅಂದಾಜಿನ ಮೇಲೆ ಬಾಣ ಹಾಕ್ಬಿಟ್ರು. ತಪ್ಪು ಅಂತ ತಿಳಿದ್ಮೇಲೂ ಎಲ್ರೂ ಅದನ್ನೇ ಬರೀತಾರೆ!"

"ಲೆಕ್ಕ ಸರಿ ಬರುತ್ತಲ್ಲ, ದೀಪ ಉರಿಯುತ್ತಲ್ಲ? ಇರ್ಲಿ ಬಿಡ್ರೀ," ಎಂದರು ಹೆಂಡತಿ ಕಮಲಾಕ್ಷಮ್ಮ.

"ಪುಸ್ತಕದವರು ಬಾಣ ತಿದ್ದಲ್ಲ. ನಾನು ಎಲೆಕ್ಟ್ರಾನುಗಳನ್ನೇ ತಿದ್ತೀನಿ! ಇನ್ಮೇಲೆ ಈ ಮನೇಲಿ ಅವು ಬಾಣ ತೋರಿಸಿದ ಕಡೆಗೇ ಓಡ್ಬೇಕು!"

ಸುಳ್ಳಿನ ಮಾತೆತ್ತಿದರೆ ಕಮಲಾಕ್ಷಮ್ಮನಿಗೆ ಎದೆ ಡವಡವ. ಅವರದೂ ಒಂದು ಸುಳ್ಳಿತ್ತು. ದಿನಾ ಸಂಜೆ ಗಂಡನ ಪಾಠ ಕೇಳಿ ತಲೆ ಚಿಟ್ಟು ಹಿಡಿದಾಗ "ಕಿವಿ ಮಷಿನ್ ಬ್ಯಾಟರಿ ಹೋಯ್ತು ರೀ" ಎಂದುಬಿಡುತ್ತಿದ್ದರು. ಆಗ ಆ ಮಹರಾಯರು, ಹೆಂಡತಿಗೆ ಕೇಳಿಸದೆಂಬ ಧೈರ್ಯದಲ್ಲಿ, ಪಾಠ ನಿಲ್ಲಿಸಿ, ಪಕ್ಕದಲ್ಲಿ ಕೂತು, ಮುಖ ಕೊಟ್ಟು ಎಂದೂ ಆಡದ ಮಾತುಗಳನ್ನು ಮೆಲ್ಲಗೆ ಆಡುತ್ತಿದ್ದರು. ಗುಟ್ಟು ರಟ್ಟಾದರೆ ಆ ಮಾತುಗಳೂ ನಿಂತುಹೋಗುತ್ತವೆ.

ವಾಮನಮೂರ್ತಿಗಳು ಗುಂಡಿ ಒತ್ತಿದರು. ಮಿಕ್ಸಿ ಹಿಂದಕ್ಕೆ ತಿರುಗಿತು; ರುಬ್ಬಿದ್ದ ಚಟ್ನಿ ಹೋಳುಹೋಳಾಗಿ, ಕಡೆಗೆ ಇಡೀ ತೆಂಗಿನಕಾಯಾಗಿ ಜಾರಿನಲ್ಲಿ ಸಿಕ್ಕಿಕೊಂಡಿತು! ಇಸ್ತ್ರಿಪೆಟ್ಟಿಗೆ ಪಂಚೆಗೆ ಸುಕ್ಕು ಹಾಕಿತು. ಫ್ರಿಜ್ಜಿನೊಳಗೆ ಹಾಲು ಉಕ್ಕಿತು!

"ಆರಿಸ್ರೀ ಅದನ್ನ!"

"ತಾಳೇ, ಪ್ರಯೋಗ ನಡೀತಿದೆ!"

ಅಷ್ಟರಲ್ಲಿ ಕಮಲಾಕ್ಷಮ್ಮನ ಕಿವಿ ಮಷಿನ್ ಕುಯ್ ಎಂದಿತು. ಹೊರಗಿನ ಸದ್ದನ್ನು ಒಳಗೆ ಕಳಿಸಬೇಕಾದದ್ದು, ಒಳಗೆ ಹೋದದ್ದನ್ನೆಲ್ಲ ಹೊರಗೆ ಕಕ್ಕತೊಡಗಿತು. ಅದೂ ವಾಮನಮೂರ್ತಿಗಳದೇ ದನಿಯಲ್ಲಿ! "ನೀನು ಆಸ್ಪತ್ರೇಲಿದ್ದಾಗ ಈ ಮನೇಲಿ ದೀಪ ಹಾಕೋಕೂ ಮನಸ್ಸು ಬರ್ಲಿಲ್ಲ ಕಮಲೂ..."

ಕಮಲಾಕ್ಷಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಬೆರಳಿನ ಸಂದಿಯಿಂದ ಮತ್ತೊಂದು ನುಸುಳಿತು: "ನರೆಗೂದಲೂ ನಿಂಗೆ ಚೆಂದ ಕಣೇ."

ಅವರಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಮುಗಿಯಿತು, ಗುಟ್ಟು ರಟ್ಟಾಯಿತು; ಇನ್ನು ಈ ಜನ್ಮದಲ್ಲಿ ಅಂಥ ಮಾತು ಕೇಳುವ ಹಾಗಿಲ್ಲ.

ವಾಮನಮೂರ್ತಿಗಳು ಯಂತ್ರ ಆರಿಸಿ, ನೆಲ ನೋಡುತ್ತ ಹೇಳಿದರು: "ಅದಕ್ಕೆ ಬ್ಯಾಟರಿ ಹಾಕೋನು ನಾನೇ ಅಲ್ವೇನೇ? ಯಾವಾಗ ಹೋಗುತ್ತೆ ಅಂತ ನಂಗೊತ್ತಿಲ್ವಾ?"

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಲೆಕ್ಕ ಸರಿ ಬರ್ತಿತ್ತಲ್ಲ."

ಯಂತ್ರ ಅಟ್ಟ ಸೇರಿತು. ಸಂಜೆ ಪಾಠ ಶುರುವಾಗುತ್ತಿದ್ದಂತೆ ಕಮಲಾಕ್ಷಮ್ಮ, "ರೀ, ಬ್ಯಾಟರಿ ಹೋಯ್ತು" ಎಂದರು. ವಾಮನಮೂರ್ತಿಗಳು ಗಂಟಲು ಸರಿಮಾಡಿಕೊಂಡು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ತೆಂಗಿನಕಾಯಿ ಮಾತ್ರ ಇನ್ನೂ ಜಾರಿನೊಳಗೇ ಇದೆ.