ಶಾಲು ಬೇಡ, ಕುರ್ಚಿ ಕೊಡಿ

ಮುಖ್ಯ ಅತಿಥಿಗಳು ಅಕ್ಕನಿಗೆ ಶಾಲು ಹೊದೆಸಿ, ಅದು ಜಾರಬಾರದು ಅಂತಲೋ ಏನೋ, ಹೆಗಲ ಮೇಲೆ ಎರಡು ಸಲ ಗಟ್ಟಿಯಾಗಿ ತಟ್ಟಿದರು. ಅಕ್ಕನ ಕಣ್ಣಲ್ಲಿ ನೀರು ಬಂತು. "ನೋಡಿ, ಭಾವುಕರಾದರು" ಅಂತ ಮೈಕಿನವನು ಹೇಳಿದ. ಸಭೆ ಚಪ್ಪಾಳೆ ಹೊಡೆಯಿತು. ಭಾವುಕವೂ ಇಲ್ಲ, ಮಣ್ಣೂ ಇಲ್ಲ. ನೋವಾಯಿತು, ಅಷ್ಟೇ. ಅವಳ ಕಾಯಿಲೆಯೇ ಅದು, ಸ್ವಲ್ಪ ಜೋರಾಗಿ ಮುಟ್ಟಿದರೂ ಜೀವ ಹೋಗುತ್ತದೆ. ಆ ಕಾಯಿಲೆಯ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಬೇಕೆಂದೇ ಕುವೈತಿನ ನಮ್ಮ ಊರವರ ಸಂಘ ಆ ಶುಕ್ರವಾರ ಕಾರ್ಯಕ್ರಮ ಇಟ್ಟುಕೊಂಡಿತ್ತು. ತಿಳಿವಳಿಕೆಯನ್ನು ಅಕ್ಕನ ಹೆಗಲಿಂದಲೇ ಶುರು ಮಾಡಿದರು.

ಕಾಯಿಲೆಯ ಹೆಸರು ಫೈಬ್ರೊಮಯಾಲ್ಜಿಯಾ. ಅದನ್ನು ತಪ್ಪಿಲ್ಲದೆ ಹೇಳಲಿಕ್ಕೆ ನನಗೆ ಒಂದು ವಾರ ಬೇಕಾಯಿತು. ನಗಬೇಡಿ, ಅಕ್ಕನಿಗೆ ಇರುವುದು ಅದೇ ಅಂತ ಹೇಳಲಿಕ್ಕೆ ಡಾಕ್ಟರುಗಳಿಗೆ ವರ್ಷಗಳೇ ಬೇಕಾದವು. ಇವತ್ತು ಹೆಗಲು, ನಾಳೆ ಸೊಂಟ, ನಾಡಿದ್ದು ಎಲ್ಲ ಒಟ್ಟಿಗೆ. ರಾತ್ರಿಯಿಡೀ ಮಲಗಿ ಎದ್ದರೂ ಕಲ್ಲು ಹೊತ್ತವರ ಸುಸ್ತು. ಕೆಲವು ದಿನ ಮಾತಿನ ನಡುವೆ ಪದವೇ ಮರೆತುಹೋಗುತ್ತದೆ. ರಕ್ತದಲ್ಲಿ ಏನೂ ಸಿಗುವುದಿಲ್ಲ, ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ತಮಾಷೆ ನೋಡಿ, ನನ್ನ ಅಕ್ಕ ಲವೀನಾಳ ಕೆಲಸವೇ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಜನರ ರಕ್ತ ತೆಗೆಯುವುದು. ತನ್ನದನ್ನೂ ಎಷ್ಟೋ ಸಲ ಕೊಟ್ಟಿದ್ದಾಳೆ. ಎಲ್ಲ ನಾರ್ಮಲ್. ರಿಪೋರ್ಟ್ ನಾರ್ಮಲ್ ಆದರೆ ನಮ್ಮವರ ಲೆಕ್ಕದಲ್ಲಿ ಮನುಷ್ಯನಿಗೆ ನೋಯುವ ಹಕ್ಕೇ ಇಲ್ಲ. ಕೊನೆಗೆ ಒಬ್ಬ ಡಾಕ್ಟರ್ ಅವಳು ಹೇಳಿದ್ದನ್ನು ಪೂರ್ತಿ ಕೇಳಿ, "ನಿಮ್ಮ ನೋವು ನಿಜ. ನೋವಿನ ವಾಲ್ಯೂಮ್ ಜಾಸ್ತಿಯಾಗಿ ನಿಂತುಬಿಟ್ಟಿದೆ, ಅಷ್ಟೇ" ಅಂದರಂತೆ. ಮಾತ್ರೆ ಬರೆದರು, ದಿನಾ ಸ್ವಲ್ಪ ನಡೆಯಿರಿ, ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಬೇಡಿ ಅಂದರು. ಅವತ್ತು ಅಕ್ಕ ಫ್ಲ್ಯಾಟಿಗೆ ಬಂದು ಅತ್ತಳು. ಅವಳ ಜೊತೆಯಲ್ಲೇ ಇರುವವನು ನಾನು, ಹೆದರಿಹೋದೆ. "ಖುಷಿಗೆ ಮಾರಾಯ ರೋಶನ್. ನಾನು ನಾಟಕ ಮಾಡುವುದಲ್ಲ ಅಂತ ಒಬ್ಬರಾದರೂ ಹೇಳಿದರಲ್ಲ" ಅಂದಳು.

ಅವಳಿಗೆ ಬೇಕಾದದ್ದು ಒಂದು ಕುರ್ಚಿ. ಬೆನ್ನಿಗೆ ಆಸರೆ ಇರುವಂಥದ್ದು, ಕೂತು ರಕ್ತ ತೆಗೆಯಲಿಕ್ಕೆ. ಆ ಕೌಂಟರಿನಲ್ಲಿ ಕೂರುವುದು ಪೇಶೆಂಟ್ ಮಾತ್ರ. ಸ್ಟಾಫ್ ಕೂತರೆ ನೋಡಲಿಕ್ಕೆ ಚೆಂದ ಇಲ್ಲವಂತೆ. ಮ್ಯಾನೇಜರ್ ನಮ್ಮ ಊರಿನ ಕಡೆಯವರೇ. ಅಕ್ಕ ಕೇಳಿದ್ದಕ್ಕೆ, "ರಿಪೋರ್ಟ್ ನಾರ್ಮಲ್ ಉಂಟಲ್ಲ ಲವೀನಾ? ನಿಮಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ" ಅಂದರು. ಎಲ್ಲರಿಗೂ ಕೊಟ್ಟರೆ ಏನು ಗಂಟು ಹೋಗುತ್ತದೋ ನನಗೆ ಗೊತ್ತಿಲ್ಲ. ನಿಂತು ನಿಂತು ಅವಳಿಗೆ ಸಾಕಾಗಿತ್ತು. ಈ ತಿಂಗಳು ನೋಡುತ್ತೇನೆ, ಆಗದಿದ್ದರೆ ಬಿಟ್ಟು ಹೋಗುತ್ತೇನೆ ಅಂತ ನನ್ನ ಹತ್ತಿರ ಹೇಳಿಬಿಟ್ಟಿದ್ದಳು. ಕೆಲಸ ಬಿಟ್ಟರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಖಲಾಸ್, ಊರಿಗೆ ವಿಮಾನ. ಈಗ ಹೇಳಿ, ಆ ಶುಕ್ರವಾರದ ಮುಖ್ಯ ಅತಿಥಿ ಯಾರು? ಇದೇ ಮ್ಯಾನೇಜರ್. ಕುರ್ಚಿ ಕೊಡದವರು ಶಾಲು ಕೊಟ್ಟರು.

ಶಾಲಿಗೇ ಮುಗಿಯುತ್ತದೆಯೇ? ನಮ್ಮವರ ಸನ್ಮಾನ ಅಂದರೆ ಲೋಡಿಂಗ್ ಕೆಲಸ. ನಾನು ಲಾಂಡ್ರಿ ವ್ಯಾನ್ ಓಡಿಸುವವನು, ನನಗೆ ಭಾರ ಗೊತ್ತು. ಕುತ್ತಿಗೆಗೆ ಹಾರ, ತಲೆಗೆ ಪೇಟ, ಕೈಗೆ ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಅನಾನಸು ಬೇರೆ. ಅದನ್ನೆಲ್ಲ ಹೊರಿಸಿ, ನಿಲ್ಲಿಸಿ, ಸನ್ಮಾನಪತ್ರ ಓದಲು ತೊಡಗಿದರು. ಅತಿಥಿಗಳು ಸೋಫಾದಲ್ಲಿ. "ನೋವನ್ನು ಮೆಟ್ಟಿ ನಿಂತ ಧೀರ ಮಹಿಳೆ" ಅಂತ ಓದುತ್ತಿದ್ದರು. ಮೆಟ್ಟಿ ನಿಂತದ್ದಲ್ಲ, ನೀವು ಕೂರಲಿಕ್ಕೆ ಬಿಡದೆ ನಿಂತದ್ದು. "ಮೇಡಂ, ಸ್ವಲ್ಪ ನಗಿ" ಅಂದ ಫೋಟೋದವನು. ಅಕ್ಕ ನಕ್ಕಳು. ಅವಳ ಕೈಯಲ್ಲಿ ಬುಟ್ಟಿ ವಾಲುತ್ತಿರುವುದು ನನಗೆ ಹಿಂದಿನ ಸಾಲಿಗೇ ಕಾಣುತ್ತಿತ್ತು.

ನಾನು ಸೀದಾ ವೇದಿಕೆ ಹತ್ತಿದೆ. ಪೇಟ ತೆಗೆದೆ. ಇಡಲಿಕ್ಕೆ ಜಾಗ ಕಾಣದೆ ನನ್ನ ತಲೆಗೇ ಹಾಕಿಕೊಂಡೆ. ಬುಟ್ಟಿ ಕಿತ್ತುಕೊಂಡೆ. ಸಿಟ್ಟಿಗೆ ನನ್ನ ಮುಖ ಹಾಗಲಕಾಯಿ ಕಚ್ಚಿದ ಹಾಗೆ ಆಗಿತ್ತು. ಸರಿಯಾಗಿ ಆಗಲೇ ಫ್ಲ್ಯಾಶ್ ಹೊಡೆಯಿತು. "ತಮ್ಮನವರಿಂದ ಎರಡು ಮಾತು" ಅಂತ ಮೈಕ್ ಹಿಡಿದರು. ನಾನು ಹೇಳಿದೆ, "ಶಾಲು ಬೇಡ, ಕುರ್ಚಿ ಕೊಡಿ. ಅವಳಿಗೆ ಕೌಂಟರಿನಲ್ಲಿ ಕೂರಲಿಕ್ಕೆ." ಸಭೆ ನಕ್ಕಿತು. ಮ್ಯಾನೇಜರ್ ಎಲ್ಲರಿಗಿಂತ ಜೋರಾಗಿ ನಕ್ಕು, "ಹುಡುಗ ಒಳ್ಳೆ ಕಾಮಿಡಿ! ನೋಡುವ, ನೋಡುವ" ಅಂದರು.

ನೋಡಲಿಲ್ಲ. ಅಕ್ಕ ಮರುದಿನ ಹಾಸಿಗೆ ಬಿಟ್ಟೇಳಲಿಲ್ಲ. ಅದರ ಮರುದಿನ ಎದ್ದು, ಮತ್ತೆ ಅದೇ ಕೌಂಟರಿನಲ್ಲಿ ನಿಂತಳು.

ಆ ವಾರವೇ ಒಗೆದ ಬೆಡ್‌ಶೀಟ್ ಇಳಿಸಲು ನಾನು ಆ ಕ್ಲಿನಿಕ್ಕಿನ ಸ್ಟೋರಿಗೆ ಹೋದೆ. ಸ್ಟೋರ್ ನೋಡಿಕೊಳ್ಳುವವರು ನಮ್ಮ ಕರಾವಳಿಯ ಬ್ಯಾರಿ, ಹಮೀದಾಕ ಅನ್ನುತ್ತೇವೆ. ನನ್ನನ್ನು ಕಂಡದ್ದೇ ಗಂಟು ಕಿತ್ತುಕೊಂಡರು.

"ನೀನು ಎತ್ತಬೇಡ ಮಾರಾಯ! ವಾಟ್ಸಾಪಿನಲ್ಲಿ ಸನ್ಮಾನದ ಫೋಟೋ ನೋಡಿದೆ, ಪೇಟ ನಿನ್ನ ತಲೆಯಲ್ಲೇ ಉಂಟು. ಎಂಥದೋ ನೋವಿನ ಕಾಯಿಲೆಯಂತಲ್ಲ ನಿನಗೆ? ಮುಖ ನೋಡಿದರೇ ಗೊತ್ತಾಗ್ತದೆ, ಪಾಪ!" ಅನ್ನುತ್ತಾ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಗಾಲಿ ಕುರ್ಚಿಯೊಂದನ್ನು ಎಳೆದು ತಂದರು. "ಕೂತ್ಕೋ."

"ಕಾಯಿಲೆ ನನಗಲ್ಲ ಹಮೀದಾಕ, ಅಕ್ಕನಿಗೆ."

"ಲವೀನಾಳಿಗಾ? ಅವಳು ನಗ್ತಾ ಇದ್ದಾಳಲ್ಲ ಮಾರಾಯ!"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮತ್ತೆಂಥ, ದಿನಾ ನಿಮ್ಮೆದುರು ಬೊಬ್ಬೆ ಹಾಕಬೇಕಾ? ಹಾಕಿದರೆ ನಾಟಕ ಅಂತೀರಿ, ನಕ್ಕರೆ ಕಾಯಿಲೆ ಇಲ್ಲ ಅಂತೀರಿ. ನಿಂತು ನಿಂತು ಸಾಯ್ತಿದ್ದಾಳೆ ಅವಳು."

ಹಮೀದಾಕ ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದರು. ಆಮೇಲೆ, "ತಗೊಂಡು ಹೋಗು. ಕೇಳಿದರೆ ನಿನಗೆ ಅಂತಲೇ ಹೇಳ್ತೇನೆ. ಆ ಫೋಟೋ ಉಂಟಲ್ಲ, ಸಾಕು" ಅಂದರು.

ಅಕ್ಕನ ಕೌಂಟರಿನ ವರೆಗೆ ತಳ್ಳಿಕೊಂಡು ಹೋದೆ. ಅವಳು ಕೂತಳು. ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ಬಂದರು. "ಯಾರದ್ದು ಈ ಕುರ್ಚಿ?" ಅಕ್ಕ ಗಡಬಡಿಸಿ ಏಳಲು ಹೋದಳು. ನಾನು ನನ್ನ ಸೊಂಟಕ್ಕೆ ಕೈ ಕೊಟ್ಟು, ಮತ್ತೆ ಹಾಗಲಕಾಯಿ ಮುಖ ಮಾಡಿ, "ನನಗೆ ಸರ್. ಹಮೀದಾಕ ಕೊಟ್ಟರು" ಅಂದೆ.

"ಛೆ, ನಿನಗೂ ಬಂತಾ! ನಿಮ್ಮ ಕುಟುಂಬದಲ್ಲೇ ಉಂಟು ಕಾಣ್ತದೆ. ಇರಲಿ, ಇರಲಿ" ಅಂತ ಹೇಳಿ ಹೋದರು. ಒಂದು ರಿಪೋರ್ಟೂ ಕೇಳಲಿಲ್ಲ!

ಕುರ್ಚಿ ನನ್ನ ಹೆಸರಿನಲ್ಲಿ ಅವಳ ಕೌಂಟರಿನಲ್ಲೇ ಉಂಟು, ಅಕ್ಕ ಈಗ ಕೂತೇ ರಕ್ತ ತೆಗೆಯುತ್ತಾಳೆ. ಬಿಟ್ಟು ಹೋಗುವ ಮಾತು ಸದ್ಯಕ್ಕೆ ಎತ್ತುವುದಿಲ್ಲ. ಸಂಘದವರು ನನಗೆ ಎಣ್ಣೆ, ಮುಲಾಮು ಕಳಿಸುತ್ತಿದ್ದಾರೆ. ಮುಂದಿನ ವರ್ಷ ಶಾಲು ನನಗಂತೆ. ಆ ಕ್ಲಿನಿಕ್ಕಿನೊಳಗೆ ನಾನು ನಗುವ ಹಾಗಿಲ್ಲ, ನಕ್ಕರೆ ಕುರ್ಚಿ ವಾಪಸ್ ಹೋಗುತ್ತದೆ. ನನ್ನ ಮೈಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ. ಇನ್ನು ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.