ಗಿರಣಿ ಮನೆಗೆ ಮಾಲೀಕಳಾದದ್ದು

ಬೇರೆಯವರಿಗೆ ಲೆಕ್ಕ ಹೇಳಿಕೊಡುವುದು ಸುಲಭ. ನಮ್ಮದೇ ಲೆಕ್ಕ ಎದುರಿಗೆ ಬಂದಾಗ ಬುದ್ಧಿ ಬಾಗಿಲು ಹಾಕಿಕೊಂಡುಬಿಡುತ್ತದೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಚಕ್ರಬಡ್ಡಿ ಕಲಿಸಿದ ನಾನು, ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹಳೇ ಕಟ್ಟಡ ಮಾರಾಟಕ್ಕಿದೆಯೆಂದು ಕೇಳಿದ್ದೇ ತಡ, ಹೋಗಿ ನೋಡಿ ಅಂದೇ ಮುಂಗಡ ಕೊಟ್ಟು ಬಂದೆ. ಬ್ಯಾಂಕಿನವರು ಸಾಲ ಕೊಡುತ್ತಾರೋ ಇಲ್ಲವೋ ಎಂದು ವಿಚಾರಿಸುವುದು ಮರೆತೇ ಹೋಗಿತ್ತು. ಕಟ್ಟಡದ ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ. ಎರಡಕ್ಕೂ ಗಂಗಮ್ಮ ಎಂಬವರೊಬ್ಬರೇ ಬಾಡಿಗೆದಾರರು. ಅವರ ಬಾಡಿಗೆಗೆ ನನ್ನ ಸಂಬಳದಿಂದ ಸ್ವಲ್ಪ ಸೇರಿಸಿದರೆ ಕಂತು ತೀರುತ್ತದೆ ಎಂಬುದು ನನ್ನ ಮಹಾ ಯೋಜನೆ. ಇದನ್ನು ಕೇಳಿ ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ಮದುವೆಯಾದಾಗಿನಿಂದ ಅವರು ವಿರೋಧಿಸುವ ರೀತಿಯೇ ಅದು.

ಬ್ಯಾಂಕಿನ ಅಧಿಕಾರಿ ಕಾಗದಗಳನ್ನೆಲ್ಲ ತಿರುವಿ, ಬಾಡಿಗೆ ಕರಾರು ಎಲ್ಲಿ ಎಂದರು. ಗಂಗಮ್ಮನಿಗೂ ಹಳೇ ಮಾಲೀಕರಿಗೂ ಇದ್ದದ್ದು ಬಾಯಿಮಾತು ಮಾತ್ರ. ಕಾಗದವಿಲ್ಲದ ಬಾಡಿಗೆಯನ್ನು ಆದಾಯವೆಂದು ಹಿಡಿಯಲಾಗುವುದಿಲ್ಲ, ಬರೀ ಸಂಬಳದ ಮೇಲೆ ಇಷ್ಟು ಸಾಲ ಸಿಗುವುದಿಲ್ಲ ಎಂದು ಅವರು ವಿನಯದಿಂದಲೇ ಹೇಳಿದರು. ಮಾರುವವರ ಗಡುವಿಗೆ ಹದಿನೈದು ದಿನ ಉಳಿದಿತ್ತು. ಅದು ಮೀರಿದರೆ ನನ್ನ ಮುಂಗಡ ಮುಳುಗಿ, ಕಟ್ಟಡವು ಅದನ್ನು ಕೆಡವಿ ಲಾಡ್ಜ್ ಕಟ್ಟುವವರೊಬ್ಬರ ಪಾಲಾಗುತ್ತಿತ್ತು.

ಎಲ್ಲರೂ ಮಾಡುವಂತೆ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿಕೊಂಡು ಸೊರಬಕ್ಕೆ ಹೋದೆ. ಗಂಗಮ್ಮ ಕೈಯ ಹಿಟ್ಟು ಒರೆಸಿಕೊಂಡು ಕಾಗದವನ್ನು ಎರಡು ಸಲ ಓದಿ ಹಿಂದಕ್ಕೆ ಕೊಟ್ಟರು.

"ಟೀಚರಮ್ಮ, ನಮ್ಮ ಯಜಮಾನ್ರು ತೀರ್ಕಂಡ್ಮೇಲೆ ಇಪ್ಪತ್ತೆರಡು ವರ್ಷ ಇಲ್ಲೇ ಗಿರಣಿ ನಡೆಸ್ಕಂಡ್ ಬಂದೀನಿ. ಇದಕ್ಕೆ ಸಹಿ ಹಾಕಿದ್ರೆ ನಂಗೆ ಉಳಿಯೋದು ಹನ್ನೊಂದೇ ತಿಂಗಳು."

ಅದು ಬರೀ ಪದ್ಧತಿ, ಮತ್ತೆ ಮತ್ತೆ ಮುಂದುವರಿಸಬಹುದು ಎಂದು ನಾನು ಪ್ರಮೇಯ ಸಾಧಿಸುವ ದನಿಯಲ್ಲಿ ವಿವರಿಸತೊಡಗಿದೆ. ಗಂಗಮ್ಮ ಗಿರಣಿಯ ಸ್ವಿಚ್ ಹಾಕಿದರು. ಆ ಸದ್ದಿನೆದುರು ಯಾವ ಟೀಚರೂ ಪಾಠ ಮಾಡಲಾರಳು.

ಅರ್ಧ ದಾರಿಯವರೆಗೆ ಸಿಟ್ಟಿತ್ತು. ಆಮೇಲೆ, ಅವರ ಜಾಗದಲ್ಲಿ ನಾನಿದ್ದರೂ ಸಹಿ ಹಾಕುತ್ತಿರಲಿಲ್ಲ ಎನ್ನಿಸಿತು. ಮರುದಿನ ಬ್ಯಾಂಕಿಗೆ ಹೋಗಿ, ಐದು ವರ್ಷದ ಕರಾರು ಮಾಡಿ ನೋಂದಣಿ ಮಾಡಿಸಿದರೆ ಹೇಗೆ ಎಂದು ಕೇಳಿದೆ. ಹಾಗಾದರೆ ನಮಗೆ ಇನ್ನೂ ಒಳ್ಳೆಯದು ಎಂದರು ಅಧಿಕಾರಿ. ಯಜಮಾನರು ಮತ್ತೆ ಕನ್ನಡಕ ತೆಗೆದು ಒರೆಸಿದರು. ಆದರೆ ಈ ಸಲ, ಸಾಕ್ಷಿ ಹಾಕಲು ತಾವೇ ಬರುವುದಾಗಿ ಹೇಳಿದರು.

ಕರಾರಿನ ನೋಂದಣಿಯ ದಿನ ಗಂಗಮ್ಮ ಗಿರಣಿಗೆ ಬೀಗ ಹಾಕಿ, ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಪ್ರತಿ ಸಾಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿ, ಪೂರ್ತಿ ಹೆಸರನ್ನು ನಿಧಾನವಾಗಿ ಬರೆದರು. ಕಟ್ಟಡ ಇನ್ನೂ ಹಳೇ ಮಾಲೀಕರ ಹೆಸರಿನಲ್ಲೇ ಇದ್ದುದರಿಂದ ಅವರೂ ಬಂದು ಸಹಿ ಹಾಕಿದರು. ಸಾಲ ಮಂಜೂರಾಯಿತು. ಗಡುವಿಗೆ ಎರಡು ದಿನವಿರುವಾಗ ಕಟ್ಟಡ ನನ್ನ ಹೆಸರಿಗೆ ಬಂತು. ಅಂದು ನೋಂದಣಿ ಕಚೇರಿಯ ಮೆಟ್ಟಿಲಿಳಿಯುವಾಗ ಸೊರಬದ ಪೇಟೆಯೇ ನನಗೆ ಕ್ರಯವಾದಂತೆ ನಡೆದೆ. ನನ್ನಂಥ ಗಟ್ಟಿಗಿತ್ತಿ ಈ ಎರಡು ತಾಲ್ಲೂಕಿನಲ್ಲಿ ಇನ್ನೊಬ್ಬಳಿಲ್ಲವೆಂದು ಬಸ್ಸು ಹತ್ತಿ ಕೂತಿದ್ದೆ, ಗಂಗಮ್ಮನ ಫೋನ್ ಬಂತು. ಗಿರಣಿಯ ಮೂಲೆಯಲ್ಲಿ ಹಂಚು ಒಡೆದು ಒಂಬತ್ತು ವರ್ಷವಾಯಿತಂತೆ. ಹಳೇ ಮಾಲೀಕರಿಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ, ಬಿಟ್ಟು ಹೋಗು ಅಂದ್ಬಿಟ್ರೆ? ಈಗ ಐದು ವರ್ಷ ಬರ್ದೈತಲ್ಲ. ಬರ್ಕಳ್ರೀ, ಇನ್ನೂ ಅದಾವೆ."

ಚರಂಡಿ, ಬಚ್ಚಲ ಬಾಗಿಲು, ಹಿತ್ತಲ ಗೋಡೆ, ಹಳೇ ವೈರು. ಮೊದಲೆರಡು ದೂರು ಬಸ್ ಟಿಕೆಟಿನ ಹಿಂದೆ ಹಿಡಿದವು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಕ್ರಯಪತ್ರದ ಜೆರಾಕ್ಸಿನ ಬೆನ್ನೂ ತುಂಬಿತ್ತು. ಎಲ್ಲ ಮಾಡಿಸಿಕೊಡುತ್ತೇನೆ ಎಂದು ನಾನು ಹೇಳಿದ ಗತ್ತಿಗೆ, ಪಕ್ಕದ ಹೆಂಗಸು ಇವಳ್ಯಾರೋ ದೊಡ್ಡ ಇಂಜಿನಿಯರ್ ಇರಬೇಕೆಂದುಕೊಂಡು ಸರಿದು ಜಾಗ ಕೊಟ್ಟಳು. ನಾನೂ ಹಾಗೆಯೇ ಸೆಟೆದು ಕೂತೆ. ಹಂಚು ಹೊದಿಸುವವರು ಒಬ್ಬರೂ ನನಗೆ ಗೊತ್ತಿಲ್ಲವೆಂದು ಅವಳಿಗೆ ಹೇಳಲು ಹೋಗಲಿಲ್ಲ.